ಬಟನ್ನಿಗೂ ಪರದೆಗೂ ನಡುವೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕಥೆ ಬರೆಯುವುದು ನನ್ನ ಕೆಲಸವಲ್ಲ. ಮದುವೆಗಳ ವಿಡಿಯೋ ತೆಗೆದು, ಮಿಕ್ಸಿಂಗ್ ಮಾಡಿ, ಸಿ.ಡಿ. ಹಾಕಿಕೊಡುವವನು ನಾನು. ಓದಿದ್ದು ಮೈಸೂರಿನ ಸಂಜೆ ಕಾಲೇಜಿನಲ್ಲಿ. ಅಲ್ಲಿಯೂ ಹಗಲಿನ ಕೆಲಸದ ದಣಿವಿನಲ್ಲಿ ಪಾಠವನ್ನು ಅರ್ಧಂಬರ್ಧ ಕೇಳಿಸಿಕೊಂಡೆ. ವಿಡಿಯೋ ಗೇಮಿನಂಥ ವಿಷಯ ಇಟ್ಟುಕೊಂಡು ತಿಳಿದವರು ಓದುವ ಕಡೆ ಬರೆಯುವುದು ಸರಿಯೇ ಎಂದು ಬಹಳ ಯೋಚಿಸಿದೆ, ಎರಡು ಸಲ ಬರೆದು ಹರಿದುಹಾಕಿದೆ. ಯಂತ್ರಗಳ ವಿಚಾರದಲ್ಲಿ ಎಲ್ಲಾದರೂ ತಪ್ಪಿದ್ದರೆ ಬಲ್ಲವರು ತಿದ್ದಬೇಕು. ಅರ್ಪಿತಾ ಅವರ ವಿಚಾರದಲ್ಲಿ ಹೆಚ್ಚು ಹೇಳಿದ್ದೇನೆ ಅನ್ನಿಸಿದರೆ ಮಾತ್ರ ತಿದ್ದುವುದಕ್ಕೆ ನನ್ನಿಂದ ಆಗುವುದಿಲ್ಲ, ಅದನ್ನು ಹಾಗೆಯೇ ಕ್ಷಮಿಸಬೇಕು.

ನಾನು ಕೆಲಸಕ್ಕಿದ್ದ ಸ್ಟುಡಿಯೋ ಟಿ. ನರಸೀಪುರದಲ್ಲಿತ್ತು. ಮಾಲೀಕರು ಶಿವಸ್ವಾಮಿ. ನಂಜನಗೂಡಿನ ಛತ್ರಗಳಲ್ಲಿ ಮದುವೆಗಳು ಹೆಚ್ಚು, ಹಾಗಾಗಿ ನಮ್ಮ ಅರ್ಧ ಗಿರಾಕಿಗಳು ಅಲ್ಲಿಯವರೇ. ಮದುವೆ ಶೂಟ್ ಮಾಡುವುದಕ್ಕೆ ಒಂದು ಸಲ, ಸಿ.ಡಿ. ಕೊಡುವುದಕ್ಕೆ ಇನ್ನೊಂದು ಸಲ, ಯಾರದೋ ಅತ್ತೆಯ ಮುಖ ಬಿಟ್ಟುಹೋಗಿದೆ ಎಂದು ಬೈಸಿಕೊಳ್ಳುವುದಕ್ಕೆ ಮತ್ತೊಂದು ಸಲ, ಹೀಗೆ ವಾರಕ್ಕೊಮ್ಮೆಯಾದರೂ ನಾನು ನಂಜನಗೂಡಿಗೆ ಹೋಗುತ್ತಿದ್ದೆ. ವಾಪಸ್ ಬರುವ ಬಸ್ಸು ಸಿಗುವವರೆಗೆ ಕೂರುತ್ತಿದ್ದುದು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದ್ದ ಗುರುಮಲ್ಲಪ್ಪನವರ ವಿಡಿಯೋ ಗೇಮ್ ಅಂಗಡಿಯಲ್ಲಿ.

ಗುರುಮಲ್ಲಪ್ಪನವರದು ನಿಜವಾಗಿ ಬಾಳೆಕಾಯಿ ವ್ಯಾಪಾರ. ಮುಂದೆ ಎರಡು ಮಳಿಗೆ, ನಡುವೆ ಕಾಯಿ ಹಣ್ಣಿಗೆ ಹಾಕುವ ಕೋಣೆ, ಅದರ ಹಿಂದೆ ಮನೆ. ಒಂದು ಮಳಿಗೆಯಲ್ಲಿ ಬಾಳೆಗೊನೆ, ಇನ್ನೊಂದರಲ್ಲಿ ಟಿ.ವಿ. ಮತ್ತು ಆಟದ ಪೆಟ್ಟಿಗೆ. ಆಟದ ಮಳಿಗೆ ನೋಡಿಕೊಳ್ಳುತ್ತಿದ್ದವರು ಅವರ ಮಗಳು ಅರ್ಪಿತಾ. ಡಿಗ್ರಿ ಮುಗಿಸಿ, ಟೈಪಿಂಗ್ ಸೀನಿಯರ್ ಪಾಸಾಗಿ, ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುತ್ತಾ ಕೂತಿದ್ದರು. ಆ ಅಂಗಡಿಯಲ್ಲಿ ಒಂದು ವಾಡಿಕೆಯಿತ್ತು. ಜೊತೆಗಾರರಿಲ್ಲದೆ ಒಬ್ಬರೇ ಬಂದವರ ಎದುರು ಅಂಗಡಿಯೇ ಆಡಬೇಕು. ಅಂಗಡಿ ಗೆದ್ದರೆ ದುಡ್ಡು ಕೊಟ್ಟು ಎದ್ದುಹೋಗುವುದು. ಅಂಗಡಿ ಸೋತರೆ ಮುಂದಿನ ಆಟ ಪುಕ್ಕಟೆ. ಅಂಗಡಿ ಅಂದರೆ ಅರ್ಪಿತಾ. ಇಬ್ಬರು ಎದುರುಬದುರು ನಿಂತು ಗುದ್ದಾಡುವ ಆಟ ಅದು. ಅವರು ಸೋಲುತ್ತಿದ್ದುದು ಅಪರೂಪ, ಹಾಗಾಗಿ ಆ ವಾಡಿಕೆಯಿಂದ ಗುರುಮಲ್ಲಪ್ಪನವರಿಗೆ ನಷ್ಟವೇನೂ ಇರಲಿಲ್ಲ.

ನಾನು ಯಾವಾಗಲೂ ಒಬ್ಬನೇ ಹೋಗುತ್ತಿದ್ದೆ.

ಅವರು ಎಲ್ಲರನ್ನೂ ಅಣ್ಣ ಎನ್ನುತ್ತಿದ್ದರು. ಗೂಡ್ಸ್ ಆಟೋ ಓಡಿಸುವ ನಂಜೇಶ್ ನಂಜೇಶಣ್ಣ, ಎದುರಿನ ಸೈಕಲ್ ಶಾಪಿನವರು ಅಣ್ಣ, ಕೊರಿಯರ್‌ನವನೂ ಅಣ್ಣ. ನನ್ನನ್ನು ಮಾತ್ರ ‘ವಿಡಿಯೋದವ್ರೇ’ ಎಂದು ಕರೆಯುತ್ತಿದ್ದರು. ಹೆಸರು ಗೊತ್ತಿಲ್ಲವೇನೋ ಅಂದುಕೊಂಡು ಒಂದು ದಿನ ‘ನನ್ನ ಹೆಸರು ಮಾದೇಶ್’ ಎಂದೆ. ‘ಗೊತ್ತು’ ಎಂದು ಜಾಯ್‌ಸ್ಟಿಕ್ ಕೈಗೆ ಕೊಟ್ಟರು. ಮುಂದೆಯೂ ವಿಡಿಯೋದವ್ರೇ. ನಾನು ಅವರನ್ನು ಮೇಡಂ ಎನ್ನುತ್ತಿದ್ದೆ. ಇಪ್ಪತ್ತಮೂರು ವರ್ಷದವರನ್ನು ಮೇಡಂ ಎನ್ನುವುದು ಕೇಳಿ ನಂಜೇಶ್ ಬಿದ್ದುಬಿದ್ದು ನಗುತ್ತಿದ್ದ.

ನಾನು ಒಳ್ಳೆಯ ಆಟಗಾರನಲ್ಲ. ಆದರೂ ನಾಲ್ಕು ಆಟದಲ್ಲಿ ಒಂದನ್ನು ಅವರ ಎದುರು ಗೆಲ್ಲುತ್ತಿದ್ದೆ. ಗೆದ್ದರೆ ಇನ್ನೊಂದು ಆಟ, ಅಂದರೆ ಇನ್ನಷ್ಟು ಹೊತ್ತು. ಎಷ್ಟೋ ಸಲ ನರಸೀಪುರದ ಬಸ್ಸು ಹಾರ್ನ್ ಹಾಕಿ ಹೋದದ್ದು ಕೇಳಿಸಿಯೂ ಕೂತಿದ್ದೆ.

ಎರಡು ಸಾವಿರದ ಆರನೇ ಇಸವಿಯ ಮಳೆಗಾಲದಲ್ಲಿ ಚಿಕುನ್‌ಗುನ್ಯಾ ಬಂತು. ಆ ವರ್ಷ ನಮ್ಮ ಕಡೆ ಇದ್ದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಮನೆಮನೆಯಲ್ಲೂ ಗಂಟುನೋವು. ಜ್ವರ ಬಿಟ್ಟರೂ ನೋವು ಬಿಡದೆ ಜನ ಗೋಡೆ ಹಿಡಿದು ನಡೆಯುತ್ತಿದ್ದರು. ನಾನು ತೆಗೆದ ಒಂದು ಮದುವೆಯಲ್ಲಿ ಡೋಲಿನವರು ಕೋಲು ಹಿಡಿಯಲಾಗದೆ ಬರೀ ಅಂಗೈಯಲ್ಲಿ ಬಡಿದರು. ನನಗೂ ಬಂದು ಹೋಯಿತು. ಅರ್ಪಿತಾ ಅವರಿಗೆ ಜೋರಾಗಿಯೇ ಬಂತು. ಬೆರಳ ಗಂಟುಗಳು ಬಾತು, ತಟ್ಟೆ ಎತ್ತಲೂ ಆಗದೆ ತಿಂಗಳುಗಟ್ಟಲೆ ಅಂಗಡಿಗೆ ಬರಲಿಲ್ಲ. ಮಳಿಗೆಯ ಬಾಗಿಲು ಅರ್ಧ ತೆರೆದಿರುತ್ತಿತ್ತು. ನಾನು ಇಣುಕಿ, ಏನೂ ಕೇಳದೆ ಬಸ್ಸು ಹತ್ತುತ್ತಿದ್ದೆ. ಕೇಳಬಹುದಿತ್ತು. ಆದರೆ ಯಾರೆಂದು ಹೇಳಿಕೊಂಡು ಕೇಳುವುದು?

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಹೋದಾಗ ಬಾಗಿಲು ಪೂರ್ತಿ ತೆರೆದಿತ್ತು. ಅರ್ಪಿತಾ ಕೂತಿದ್ದರು. ಗೋಡೆಯ ಮೇಲೆ ಹೊಸದೊಂದು ಚಪ್ಪಟೆ ಟಿ.ವಿ. ಆ ಸಲ ರಸಬಾಳೆಗೆ ಬೆಲೆ ಚೆನ್ನಾಗಿ ಸಿಕ್ಕಿತ್ತು ಎಂದು ಗುರುಮಲ್ಲಪ್ಪನವರು ಮೈಸೂರಿನಿಂದ ಎಲ್‌ಸಿಡಿ ತಂದಿದ್ದರು, ಜೊತೆಗೆ ವೈರ್ ಇಲ್ಲದ ಜಾಯ್‌ಸ್ಟಿಕ್ಕು. ಹಳೆಯ ಡಬ್ಬಾ ಟಿ.ವಿ. ಹಣ್ಣಿನ ಕೋಣೆ ಸೇರಿತ್ತು.

‘ಬಾಪ್ಪ ಇಡಿಯೋ’ ಎಂದರು ಗುರುಮಲ್ಲಪ್ಪನವರು. ‘ನೋಡು, ಎಂಗದೆ ಟಿ.ವಿ.? ನಿಮ್ ಸ್ಟುಡಿಯೋದಲ್ಲೂ ಇಲ್ಲ ಅಲ್ವಾ ಇಂಥದ್ದು?’

‘ಇಲ್ಲ ಸಾ’ ಎಂದೆ. ನಮ್ಮಪ್ಪನಾಗಿದ್ದರೆ ‘ಇಲ್ಲ ಬುದ್ಧಿ’ ಎನ್ನುತ್ತಿದ್ದ. ಗುರುಮಲ್ಲಪ್ಪನವರು ನನಗೆ ಯಾವಾಗಲೂ ಕಾಫಿ ಕೊಡಿಸುತ್ತಿದ್ದರು, ಹೋಟೆಲಿನಿಂದ ತರಿಸಿ. ಆವತ್ತೂ ತರಿಸಿದರು.

ನಂಜೇಶ್ ಆಡುತ್ತಿದ್ದ. ಅರ್ಪಿತಾ ಸೋತರು. ಮತ್ತೆ ಸೋತರು. ನಾನು ನಿಂತು ನೋಡುತ್ತಿದ್ದಂತೆಯೇ ಮೂರನೆಯದನ್ನೂ ಸೋತರು.

‘ಅಮ್ಮಣ್ಣಿ, ಇನ್ನೊಂದ್ ಪುಕ್ಸಟ್ಟೆ ಆಟ ಆಕಿ’ ಎಂದ ನಂಜೇಶ್. ‘ಇವತ್ತು ಬಾಡಿಗೆ ಓಡ್ಸದೇ ಬ್ಯಾಡ, ಇಲ್ಲೇ ಲಾಭ.’

‘ಕೈ ಬರ್ತಿಲ್ಲ ನಂಜೇಶಣ್ಣ.’

‘ಮೂಳೆಗೆ ಇಳ್ದದೆ ಕಣಮ್ಮಿ ಅದು. ನಮ್ಮನೇವ್ಳು ಇನ್ನೂ ಬಟ್ಟೆ ಇಂಡಕ್ ಆಗ್ದು ಅಂತಾಳೆ. ನಂಗೇ ಗೇರ್ ಹಾಕಕ್ ಲೇಟಾಯ್ತದೆ.’

ಅದು ನಿಜವೆಂದೇ ಎಲ್ಲರೂ ನಂಬಿದ್ದರು. ಆ ಹೊಸ ಟಿ.ವಿ.ಯ ಮುಂದೆ ಆಡಿದವರಿಗೆಲ್ಲ ಕೈ ನಿಧಾನವಾದಂತೆ ಅನ್ನಿಸುತ್ತಿತ್ತು, ಮತ್ತು ಆಡಿದವರಿಗೆಲ್ಲ ಚಿಕುನ್‌ಗುನ್ಯಾ ಬಂದು ಹೋಗಿತ್ತು. ಹಾಗಿದ್ದಾಗ ಟಿ.ವಿ.ಯ ಕಡೆ ಯಾರು ನೋಡುತ್ತಾರೆ? ಒಬ್ಬರು ಎಳ್ಳೆಣ್ಣೆ ತಿಕ್ಕಿ ಎಂದರು, ಇನ್ನೊಬ್ಬರು ಬಿಸಿನೀರಿಗೆ ಉಪ್ಪು ಹಾಕಿ ಎಂದರು. ಅರ್ಪಿತಾ ಅವರ ಹೆಬ್ಬೆರಳು ಎಣ್ಣೆಯಿಂದ ಹೊಳೆಯುತ್ತಿತ್ತು.

ನಾನೂ ಒಂದು ಆಟ ಆಡಿದೆ, ಗೆದ್ದೆ. ಸಂತೋಷವಾಗಲಿಲ್ಲ. ಅವರು ಜಾಯ್‌ಸ್ಟಿಕ್ ಕೆಳಗಿಟ್ಟು ಸಣ್ಣ ಧ್ವನಿಯಲ್ಲಿ ಹೇಳಿದರು. ‘ಕೋರ್ಟಿನ ಟೈಪಿಸ್ಟ್ ಕೆಲಸಕ್ಕೆ ಹಾಕಿದ್ದೆ, ವಿಡಿಯೋದವ್ರೇ. ಹಾಲ್ ಟಿಕೆಟ್ ಬಂದಿದೆ. ಹೋಗಲ್ಲ ಅಂದ್ಬಿಟ್ಟೆ. ಇದೇ ಆಗ್ತಿಲ್ಲ, ಇನ್ನು ಅಲ್ಲೇನು ಟೈಪ್ ಮಾಡ್ಲಿ?’

‘ಟೈಪಿಂಗ್ ಮಾಡಿ ನೋಡಿದ್ರಾ?’

‘ಹೆದ್ರಿಕೆ. ಅದೂ ಆಗ್ಲಿಲ್ಲ ಅಂದ್ರೆ?’

ಆ ಹೆದರಿಕೆ ನನಗೆ ಚೆನ್ನಾಗಿ ಅರ್ಥವಾಯಿತು. ಸಂಜೆ ಕಾಲೇಜಿನ ಫಲಿತಾಂಶ ಬಂದಾಗ ಬೋರ್ಡಿನ ಮುಂದೆ ನಿಂತು ನಂಬರ್ ಹುಡುಕದೆ ವಾಪಸ್ ಬಂದವನು ನಾನು.

ಗುರುಮಲ್ಲಪ್ಪನವರು ಹಿಂದಿನಿಂದ ಹೇಳಿದರು. ‘ಬಿಡವ್ವ, ಒಳ್ಗೆ ಆರಾಮಾಗಿರು. ಬರೋ ತಿಂಗ್ಳಿಂದ ನಿಮ್ ಚಿಕ್ಕಪ್ಪನ್ ಮಗ ರುದ್ರೇಶ ಬಂದ್ ಕೂತ್ಕತ್ತಾನೆ. ಅಂಗ್ಡಿ ಸೋಲ್ತಾ ಕೂತ್ರೆ ಆದದಾ?’

ರುದ್ರೇಶ್ ಬಂದು ಕೂತರೆ ಅವರು ಹಣ್ಣಿನ ಕೋಣೆಯ ಆ ಕಡೆ ಹೋಗುತ್ತಾರೆ. ಆ ಕಡೆಯ ಬಾಗಿಲು ನಾನು ದಾಟುವ ಬಾಗಿಲಲ್ಲ. ಬಸ್ಸಿನಲ್ಲಿ ಇಡೀ ದಾರಿ ಅದನ್ನೇ ಯೋಚಿಸಿದೆ. ಏನು ಮಾಡಬಹುದು ಎಂದು ಹೊಳೆಯಲಿಲ್ಲ. ನಾನು ವೈದ್ಯನಲ್ಲ.

ಹೊಳೆದದ್ದು ಬೈಸಿಕೊಂಡಾಗ. ಅದೇ ವಾರ ತಾಂಡವಪುರದ ಒಂದು ಮನೆಗೆ ಮದುವೆಯ ಸಿ.ಡಿ. ಕೊಟ್ಟಿದ್ದೆ. ಮಾರನೆಯ ದಿನ ಮದುಮಗಳ ತಂದೆ ಚನ್ನಯ್ಯನವರು ಸ್ಟುಡಿಯೋಗೆ ಫೋನ್ ಮಾಡಿ ಕೂಗಾಡಿದರು.

‘ಏನ್ ಸ್ವಾಮಿ ಮಿಕ್ಸಿಂಗು? ಡೋಲ್ ಮ್ಯಾಲೆ ಕೋಲ್ ಬೀಳಕ್ ಮುಂಚೇನೇ ಸದ್ದು ಬತ್ತದೆ! ತಾಳಿ ಕಟ್ಟಕ್ ಮುಂಚೇನೇ ಗಟ್ಟಿಮೇಳ!’

ಶಿವಸ್ವಾಮಿ ನನ್ನ ಕಡೆ ನೋಡಿದರು. ‘ಲೇ ಮಾದೇಶ, ನಿದ್ದೆ ಮಾಡ್ಕಂಡು ಮಿಕ್ಸಿಂಗ್ ಮಾಡ್ದಾ?’

ಮಾಡಿರಬಹುದು ಎಂದೇ ನನಗೂ ಅನ್ನಿಸಿತು. ಮತ್ತೆ ಹಾಕಿ ನೋಡಿದೆ. ನಮ್ಮ ಸ್ಟುಡಿಯೋದ ಹಳೆಯ ಟಿ.ವಿ.ಯಲ್ಲಿ ಕೋಲೂ ಸದ್ದೂ ಒಟ್ಟಿಗೇ ಇದ್ದವು. ಆದರೂ ಇನ್ನೊಂದು ಸಿ.ಡಿ. ಹಾಕಿ ನಾನೇ ತಾಂಡವಪುರಕ್ಕೆ ಹೋದೆ. ಅವರ ಮನೆಯಲ್ಲೂ ಹೊಸ ಎಲ್‌ಸಿಡಿ. ಸದ್ದು ಮಾತ್ರ ಟಿ.ವಿ.ಯಿಂದಲ್ಲ, ಹಳೆಯ ಆಂಪ್ಲಿಫೈಯರ್‌ನಿಂದ ಬರುವಂತೆ ವೈರ್ ಎಳೆದಿದ್ದರು. ಹೊಸ ಸಿ.ಡಿ.ಯಲ್ಲೂ ಸದ್ದೇ ಮುಂದೆ, ಕೋಲು ಹಿಂದೆ. ಸದ್ದಿನ ವೈರನ್ನು ಟಿ.ವಿ.ಗೇ ಚುಚ್ಚಿದೆ. ಎರಡೂ ಸರಿಹೋದವು.

ಅಂದರೆ ಸದ್ದು ಮುಂದೆ ಬಂದಿರಲಿಲ್ಲ. ಚಿತ್ರ ತಡವಾಗಿತ್ತು. ಆ ಟಿ.ವಿ. ಒಳಗೆ ಬಂದ ಚಿತ್ರವನ್ನು ಹಿಗ್ಗಿಸಿ, ಬಣ್ಣ ತಿದ್ದಿ, ಚೆಂದ ಮಾಡಿ ಆಮೇಲೆ ತೋರಿಸುತ್ತಿತ್ತು, ತನಗೇ ಕೊಟ್ಟ ಸದ್ದನ್ನೂ ಅಷ್ಟು ಹೊತ್ತು ತಡೆದಿಟ್ಟು ಬಿಡುತ್ತಿತ್ತು. ಡಬ್ಬಾ ಟಿ.ವಿ.ಗೆ ಆ ಬುದ್ಧಿಯಿಲ್ಲ, ಬಂದದ್ದನ್ನು ಬಂದ ಹಾಗೆ ತೋರಿಸುತ್ತದೆ. ಸಿನಿಮಾ ನೋಡುವವರಿಗೆ ಆ ತಡ ತಿಳಿಯುವುದೇ ಇಲ್ಲ. ಬಟನ್ ಒತ್ತಿ ಕಾಯುವವರಿಗೆ?

ಚನ್ನಯ್ಯನವರ ಮನೆಯಲ್ಲಿ ಮಜ್ಜಿಗೆಯ ಲೋಟ ಹಿಡಿದು ಕೂತಿದ್ದ ನನಗೆ ಅರ್ಪಿತಾ ಅವರ ಎಣ್ಣೆ ಹಚ್ಚಿದ ಹೆಬ್ಬೆರಳು ಕಣ್ಣ ಮುಂದೆ ಬಂತು. ಅವರು ನೋಡಿ ಆಡುವವರು. ಎದುರಾಳಿ ಕೈ ಎತ್ತುವುದನ್ನು ಕಂಡು, ಅಷ್ಟರಲ್ಲೇ ತಡೆಯುವ ಬಟನ್ ಒತ್ತುವವರು. ನಂಜೇಶನಂಥವರು ಯಾವುದನ್ನೂ ನೋಡದೆ ರಾಗಿ ಕುಟ್ಟಿದ ಹಾಗೆ ಕುಟ್ಟುವವರು. ಚಿತ್ರ ತಡವಾದರೆ ಕುಟ್ಟುವವನಿಗೆ ಅಷ್ಟೇನೂ ನಷ್ಟವಿಲ್ಲ. ನೋಡುವವರಿಗೇ ಪೆಟ್ಟು.

ಆದರೂ ಇದನ್ನು ಹೋಗಿ ಹೇಳುವುದಕ್ಕೆ ಧೈರ್ಯ ಸಾಲಲಿಲ್ಲ. ನನ್ನ ಊಹೆ ತಪ್ಪಾಗಿದ್ದರೆ ಅವರಿಗೆ ಇಲ್ಲದ ಆಸೆ ಹುಟ್ಟಿಸಿದ ಹಾಗೆ. ಅಳೆದು ನೋಡಬೇಕು ಅನ್ನಿಸಿತು. ಮಿಕ್ಸಿಂಗ್ ಮಾಡುವವನಿಗೆ ಗೊತ್ತಿರುವ ಅಳತೆ ಒಂದೇ, ಫ್ರೇಮು. ನಮ್ಮ ಕ್ಯಾಮೆರಾ ಒಂದು ಸೆಕೆಂಡಿಗೆ ಇಪ್ಪತ್ತೈದು ಫ್ರೇಮು ಹಿಡಿಯುತ್ತದೆ. ಬೆರಳನ್ನೂ ಟಿ.ವಿ.ಯನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದರೆ, ಒತ್ತಿದ್ದು ಯಾವ ಫ್ರೇಮಿನಲ್ಲಿ, ಪರದೆಯ ಮೇಲಿನವನು ಅಲ್ಲಾಡಿದ್ದು ಯಾವ ಫ್ರೇಮಿನಲ್ಲಿ ಎಂದು ಎಣಿಸಬಹುದು.

ಶಿವಸ್ವಾಮಿಯವರನ್ನು ಕ್ಯಾಮೆರಾ ಕೇಳಿದೆ.

‘ಯಾರ್ ಮದ್ವೆ?’

‘ಮದ್ವೆ ಅಲ್ಲ ಸಾ. ಟಿ.ವಿ. ಟೆಸ್ಟು.’

‘ಟಿ.ವಿ. ಟೆಸ್ಟಿಗೆ ಶೇವಿಂಗ್ ಬೇರೆ ಮಾಡ್ಕಂಡಿದ್ದೀಯ’ ಎಂದರು. ಕ್ಯಾಮೆರಾ ಕೊಟ್ಟರು.

ನಂಜನಗೂಡಿನಲ್ಲಿ ಗುರುಮಲ್ಲಪ್ಪನವರಿಗೆ ವಿಷಯ ತಿಳಿಸುವುದು ಕಷ್ಟವಾಯಿತು. ಲಕ್ಷಣವಾದ ಹೊಸ ಟಿ.ವಿ.ಗೆ ಹೆಸರಿಡಲು ಬಂದಿದ್ದಾನೆ ಅನ್ನಿಸಿರಬೇಕು. ಕೊನೆಗೆ ಹೊಳೆಯ ಮಾತು ತೆಗೆದೆ.

‘ಸಾ, ಡ್ಯಾಮಿನಿಂದ ಕಪಿಲೆಗೆ ನೀರು ಬಿಟ್ರೆ ಮೊದ್ಲು ನಿಮ್ಮ ಸ್ನಾನಘಟ್ಟ ಮುಳುಗ್ತದೆ. ನಮ್ಮ ನರಸೀಪುರದಲ್ಲಿ ಏರೋದು ಎಷ್ಟೋ ಹೊತ್ತಿನ ಮೇಲೆ. ನಾವು ದಡದಲ್ಲಿ ನಿಂತು, ನೀರು ಇನ್ನೂ ಕೆಳಗೇ ಅದೆ ಅಂತ ದನ ಬಿಟ್ರೆ ತಪ್ಪು ಯಾರ್ದು? ದನದ್ದಾ? ಈ ಟಿ.ವಿ. ನರಸೀಪುರದಲ್ಲಿ ಅದೆ ಸಾ. ಆಟ ನಡೀತಿರೋದು ನಂಜನಗೂಡಲ್ಲಿ.’

ಗುರುಮಲ್ಲಪ್ಪನವರು ಹಣ್ಣಿನ ಕೋಣೆಯ ಕಡೆ ತಿರುಗಿ, ‘ಡಬ್ಬಾ ಟಿ.ವಿ. ತಕಂಬಾ ನಂಜೇಶ’ ಎಂದರು.

ಹಣ್ಣಿನ ಕೋಣೆಯಿಂದ ಹೊರಬಂದ ಡಬ್ಬಾ ಟಿ.ವಿ. ರಸಬಾಳೆಯ ವಾಸನೆ ಹೊಡೆಯುತ್ತಿತ್ತು. ಆಟದ ಪೆಟ್ಟಿಗೆಯ ಚಿತ್ರದ ವೈರಿಗೆ ಕವಲು ಪಿನ್ ಹಾಕಿ ಎರಡೂ ಟಿ.ವಿ.ಗಳಿಗೆ ಕೊಟ್ಟೆ. ಹಂಚಿಹೋದದ್ದಕ್ಕೆ ಎರಡರಲ್ಲೂ ಚಿತ್ರ ಸ್ವಲ್ಪ ಮಂಕಾಯಿತು. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು, ಅರ್ಪಿತಾ ಅವರ ಬೆರಳು ಕೆಳಗೆ, ಎರಡು ಪರದೆ ಮೇಲೆ ಬರುವ ಹಾಗೆ ಹೊಂದಿಸಿದೆ. ವ್ಯೂಫೈಂಡರಿನಲ್ಲಿ ಅವರ ಕೈ ದೊಡ್ಡದಾಗಿ ಕಂಡಿತು. ಅಷ್ಟು ಹತ್ತಿರದಿಂದ ನಾನು ಅದನ್ನು ನೋಡಿರಲಿಲ್ಲ. ಫೋಕಸ್ ಮಾಡಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು.

‘ಆಯ್ತಾ ವಿಡಿಯೋದವ್ರೇ?’

‘ಒಂದ್ನಿಮಿಷ ಮೇಡಂ.’

‘ಮುಖ ಬಿಟ್ಟು ಕೈ ತೆಗೀತಾವ್ನೆ ನೋಡಮ್ಮಿ’ ಎಂದ ನಂಜೇಶ್. ‘ಅದಕ್ಕೇ ಮದ್ವೆ ಮನೇವ್ರು ಬಯ್ಯದು ಇವ್ನ.’

ಎಲ್‌ಸಿಡಿ ನೋಡಿಕೊಂಡು ಅರ್ಪಿತಾ ನಂಜೇಶನ ಎದುರು ಎರಡು ಆಟ ಆಡಿದರು, ಎರಡೂ ಸೋತರು. ನಾನು ಟೇಪ್ ಹಿಂದಕ್ಕೆ ಸುತ್ತಿ, ಕ್ಯಾಮೆರಾದ ಅಂಗೈಯಗಲದ ಪರದೆಯಲ್ಲಿ ಫ್ರೇಮು ಫ್ರೇಮಾಗಿ ಬಿಟ್ಟೆ. ಮೂವರೂ ತಲೆಗೆ ತಲೆ ತಾಗಿಸಿ ಬಗ್ಗಿದರು. ಹೆಬ್ಬೆರಳು ಬಟನ್ ಒತ್ತಿತು. ಮುಂದಿನ ಫ್ರೇಮು, ಏನೂ ಇಲ್ಲ. ಅದರ ಮುಂದಿನದು, ಡಬ್ಬಾ ಟಿ.ವಿ.ಯವನು ಕೈ ಅಡ್ಡ ಹಿಡಿದ. ಪಕ್ಕದ ಎಲ್‌ಸಿಡಿಯಲ್ಲಿ ಅದೇ ಮನುಷ್ಯ ಕೈ ಇಳಿಬಿಟ್ಟು ನಿಂತಿದ್ದ. ಇನ್ನೊಂದು ಫ್ರೇಮು, ನಿಂತೇ ಇದ್ದ. ಇನ್ನೊಂದು. ಮೂರನೆಯದಕ್ಕೆ ಎಚ್ಚರವಾದವನಂತೆ ಕೈ ಎತ್ತಿದ.

‘ಅಯ್ಯ ಸಿವ್ನೆ’ ಎಂದರು ಗುರುಮಲ್ಲಪ್ಪನವರು. ‘ಇಷ್ಟ್ ದುಡ್ ಕೊಟ್ಟು ಸೋಂಬೇರಿ ತಂದ್ಬುಟ್ನಾ ನಾನು?’

ಅರ್ಪಿತಾ ಇನ್ನೊಂದು ಸಲ ಬಿಡಿ ಎಂದರು. ಬಿಟ್ಟೆ. ಆಮೇಲೆ ನಾನು ಇನ್ನೊಂದನ್ನು ತೋರಿಸಿದೆ. ಎದುರಾಳಿಯ ಗುದ್ದು ಎಲ್‌ಸಿಡಿಯಲ್ಲಿ ಕಾಣಿಸಿದ ಫ್ರೇಮಿನಿಂದ ಅವರ ಬೆರಳು ಅಲುಗಿದ ಫ್ರೇಮಿನವರೆಗೆ ಎಣಿಸಿದರೆ ಆರು. ನಂಜೇಶನನ್ನೂ ಹಾಗೆಯೇ ಕೂರಿಸಿ, ನೋಡಿಯೇ ಒತ್ತಬೇಕು ಎಂದು ಹೇಳಿ ಹಿಡಿದೆ. ಅವನಿಗೆ ಒಂಬತ್ತು.

‘ನಿಮ್ಮ ಕೈಗೆ ಏನೂ ಆಗಿಲ್ಲ ಮೇಡಂ’ ಎಂದೆ. ‘ಕಂಡ ತಕ್ಷಣ ಒತ್ತುತ್ತಾ ಇದ್ದೀರಿ. ಕಾಣ್ಸೋದೇ ತಡವಾಗಿ.’

ಅವರು ತಮ್ಮ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡರು. ‘ನೋವಿದ್ಯಲ್ಲ?’

‘ನೋವು ಇರ್ಬೋದು. ತಡ ಇಲ್ಲ.’

ಎಲ್‌ಸಿಡಿಯ ವೈರ್ ಕಿತ್ತೆ. ವೈರ್ ಇಲ್ಲದ ಜಾಯ್‌ಸ್ಟಿಕ್ ತೆಗೆದು ಹಳೆಯದನ್ನು ಕೊಟ್ಟೆ. ಅದರಿಂದ ಆಗುತ್ತಿದ್ದ ತಡ ನನ್ನ ಫ್ರೇಮಿನ ಲೆಕ್ಕಕ್ಕೆ ಸಿಗದಷ್ಟು ಸಣ್ಣದು. ಆದರೂ ಅನುಮಾನವೇ ಬೇಡ ಅನ್ನಿಸಿತು. ಬಾಳೆಹಣ್ಣಿನ ವಾಸನೆಯ ಡಬ್ಬಾದ ಮುಂದೆ ಅರ್ಪಿತಾ ಕೂತರು. ನಂಜೇಶ್ ಮೊದಲ ಗುದ್ದು ಎತ್ತಿದ, ಅವರು ತಡೆದರು. ಎರಡನೆಯದು, ತಡೆದರು. ಅವರ ಬೆನ್ನು ನೆಟ್ಟಗಾಯಿತು. ಆಮೇಲೆ ಅವನನ್ನು ಹೊಡೆದ ರೀತಿ ನೋಡಿ ನನಗೇ ಪಾಪ ಅನ್ನಿಸಿತು.

‘ಸಾಕ್ ಬುಡಮ್ಮಣ್ಣಿ, ಹೆಂಡ್ರು ಮಕ್ಳಿರೋನು’ ಎಂದು ನಂಜೇಶ್ ಎರಡೂ ಕೈ ಎತ್ತಿದ. ತಿಂಗಳುಗಳ ಮೇಲೆ ಮೊದಲ ಸಲ ಆಟಕ್ಕೆ ದುಡ್ಡು ಕೊಟ್ಟ.

‘ಈಗ ನೀವು’ ಎಂದರು ಅರ್ಪಿತಾ ನನ್ನ ಕಡೆ ತಿರುಗಿ. ಕ್ಯಾಮೆರಾ ಓಡುತ್ತಲೇ ಇತ್ತು, ನಾನು ನಿಲ್ಲಿಸಲಿಲ್ಲ. ಮೂರು ಆಟ ಆಡಿದೆವು. ಎರಡು ಅವರು ಗೆದ್ದರು, ಒಂದು ನಾನು.

‘ನೋಡಿದ್ರಾ, ವಿಡಿಯೋದವ್ರಿಗೆ ಪುಕ್ಕಟೆ ಆಟ’ ಎಂದು ನಕ್ಕರು. ನಗುತ್ತಲೇ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಎರಡು ಸ್ಟೀಲ್ ಲೋಟ ಇತ್ತು. ಮನೆಯ ಕಾಫಿ. ಒಂದನ್ನು ತಂದೆಗೆ ಕೊಟ್ಟು, ಇನ್ನೊಂದನ್ನು ನನ್ನ ಮುಂದೆ ಇಟ್ಟರು. ಗುರುಮಲ್ಲಪ್ಪನವರು ನನ್ನ ಲೋಟ ನೋಡಿದರು, ಮಗಳನ್ನು ನೋಡಿದರು, ಆಮೇಲೆ ತಮ್ಮ ಕಾಫಿ ಕುಡಿದರು. ಸಕ್ಕರೆ ಕಡಿಮೆಯಿತ್ತೋ ಹೆಚ್ಚಿತ್ತೋ ನನಗೆ ನೆನಪಿಲ್ಲ. ಲೋಟ ಬಿಸಿಯಿತ್ತು, ಹಿಡಿದೇ ಕೂತಿದ್ದೆ.

ರುದ್ರೇಶನನ್ನು ಕರೆಸುವ ಮಾತು ಮತ್ತೆ ಬರಲಿಲ್ಲ. ನಾನು ಬಯಸಿದ್ದು ಅಷ್ಟೇ. ಅವರು ಆ ಕುರ್ಚಿಯಲ್ಲಿ ಇರಬೇಕು, ನಾನು ಒಬ್ಬನೇ ಹೋಗಬೇಕು, ಅಂಗಡಿ ನನ್ನ ಎದುರು ಆಡಬೇಕು.

ಅವತ್ತಿನ ಟೇಪನ್ನು ಸ್ಟುಡಿಯೋದಲ್ಲಿ ಕಂಪ್ಯೂಟರಿಗೆ ಹಾಕಿ ಮತ್ತೆ ಎಣಿಸಿದೆ. ಅಂಗೈಯಗಲದ ಪರದೆಯಲ್ಲಿ ಎಣಿಸಿ ಅಷ್ಟು ಧೈರ್ಯವಾಗಿ ಹೇಳಿಬಿಟ್ಟಿದ್ದೆ, ತಪ್ಪಿದ್ದರೆ ಎಂಬ ಭಯ. ತಪ್ಪಿರಲಿಲ್ಲ. ಎಲ್‌ಸಿಡಿಯ ತಡ ಮೂರೇ ಫ್ರೇಮು. ಡಬ್ಬಾದಲ್ಲೂ ಒತ್ತಿದ್ದಕ್ಕೂ ಕಂಡದ್ದಕ್ಕೂ ನಡುವೆ ಎರಡು ಫ್ರೇಮಿನಷ್ಟು ಅಂತರವಿತ್ತು. ಅದು ಆಟದ ಪೆಟ್ಟಿಗೆಯೇ ಯೋಚಿಸುವ ಹೊತ್ತು, ನಮ್ಮ ಕೈಯಲ್ಲಿಲ್ಲ. ಡಬ್ಬಾದ ಮುಂದೆ ನಂಜೇಶನ ಎದುರು ಅರ್ಪಿತಾ ಅವರ ಬೆರಳು ಐದು, ಆರು, ಐದು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಟೇಪು ಮುಂದೆ ಓಡಿತು, ನನ್ನ ಆಟ ಬಂತು. ಎಣಿಸಿದೆ. ಎಂಟು. ಮತ್ತೆ ಎಂಟು. ಒಂದು ಕಡೆ ಒಂಬತ್ತು. ಟಿ.ವಿ. ಅದೇ, ಜಾಯ್‌ಸ್ಟಿಕ್ ಅದೇ, ಬೆರಳು ಅದೇ. ನಾನು ಗೆದ್ದ ಆಟದಲ್ಲಿ ನನ್ನ ಗುದ್ದು ಎದ್ದು ಕಂಡ ಮೇಲೂ ಅವರ ಹೆಬ್ಬೆರಳು ಬಟನ್ನಿನ ಮೇಲೆಯೇ, ಒತ್ತದೆ, ಸುಮ್ಮನೆ ಇತ್ತು.

ಅದನ್ನು ಎಷ್ಟು ಸಲ ಹಿಂದಕ್ಕೂ ಮುಂದಕ್ಕೂ ಬಿಟ್ಟೆನೋ ಹೇಳಲು ಸಂಕೋಚವಾಗುತ್ತದೆ. ಶಿವಸ್ವಾಮಿ ಬಂದು, ‘ಯಾವ್ ಮದ್ವೆದ್ಲಾ ಇದು, ಬರೀ ಬೆಳ್ಳು?’ ಎಂದರು. ಟೆಸ್ಟು ಸಾ ಎಂದೆ.

ಕೇಳಬೇಕು ಎಂದು ಪ್ರತಿ ವಾರ ಹೋದೆ. ಮೊದಲ ವಾರ ಗುರುಮಲ್ಲಪ್ಪನವರು ಎಲ್‌ಸಿಡಿಯನ್ನು ಸರಿಮಾಡಿಕೊಡು ಎಂದರು. ಅದರ ಮೆನುವಿನಲ್ಲಿ ಚಿತ್ರ ನುಣುಪು ಮಾಡುವ, ಬಣ್ಣ ತುಂಬುವ ಆಯ್ಕೆಗಳನ್ನೆಲ್ಲ ಒಂದೊಂದಾಗಿ ಬಂದ್ ಮಾಡಿದೆ. ಮೂರು ಫ್ರೇಮಿದ್ದದ್ದು ಎರಡಕ್ಕೆ ಇಳಿಯಿತು, ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ಕೊನೆಗೆ ಅದು ಮನೆಯೊಳಗೆ ಧಾರಾವಾಹಿ ನೋಡಲು ಹೋಯಿತು. ಎರಡನೆಯ ವಾರ ಅರ್ಪಿತಾ ಇರಲಿಲ್ಲ. ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿದ್ದರು. ಮೂರನೆಯ ವಾರವೂ ಅಲ್ಲಿಗೇ. ಕೈ ಸರಿಯಿದೆ ಎಂದು ಗೊತ್ತಾದ ಮೇಲೆ ಅವರು ಯಾಕೆ ಸುಮ್ಮನೆ ಕೂರುತ್ತಾರೆ? ಅದು ನನಗೆ ಮೊದಲೇ ತಿಳಿಯಬೇಕಿತ್ತು. ಪರೀಕ್ಷೆ ಬರೆದರು. ಮಳೆಗಾಲದ ಹೊತ್ತಿಗೆ ಆದೇಶ ಬಂತು. ಚಿತ್ರದುರ್ಗದ ಕಡೆಯ ಒಂದು ಕೋರ್ಟಿನಲ್ಲಿ ಟೈಪಿಸ್ಟ್.

‘ಎಲ್ಲಾ ಇವ್ನಿಂದಾನೇ’ ಎಂದು ಗುರುಮಲ್ಲಪ್ಪನವರು ಪೇಡ ಕೊಟ್ಟರು. ‘ಇವ್ನು ಕ್ಯಾಮ್ರಾ ಇಟ್ಟು ತೋರಿಸ್ದೆ ಇದ್ದಿದ್ರೆ ಅವ್ಳು ಓಯ್ತಾನೇ ಇರ್ನಿಲ್ಲ.’

ನಿಜ. ನನ್ನಿಂದಲೇ.

ಅವರು ಹೊರಡುವ ಹಿಂದಿನ ವಾರ ಕೊನೆಯ ಸಲ ಆಡಿದೆವು. ನಂಜೇಶ್ ಹೊರಗೆ ಆಟೋಗೆ ಗೊನೆ ಹೇರುತ್ತಿದ್ದ. ಮೊದಲ ಆಟ ಅವರು ಗೆದ್ದರು. ಎರಡನೆಯದು ನಾನು. ಮೂರನೆಯದು ಶುರುವಾಗುವ ಮುಂಚೆ, ಜಾಯ್‌ಸ್ಟಿಕ್ ನೋಡಿಕೊಂಡೇ ಹೇಳಿದೆ.

‘ಮೇಡಂ, ಅವತ್ತಿನ ಟೇಪ್ ಪೂರ್ತಿ ಎಣಿಸ್ದೆ. ನಂಜೇಶನ ಎದುರು ನಿಮ್ಮ ಕೈ ಬೇಗ. ನನ್ನ ಎದುರು ಆಡುವಾಗ ಮೂರು ಫ್ರೇಮು ತಡ.’

ಹೊರಗೆ ಗೊನೆಗಳು ಆಟೋಗೆ ಬೀಳುವ ಸದ್ದು ಬರುತ್ತಿತ್ತು.

‘ಡಬ್ಬಾ ಟಿ.ವಿ.ಲೇನಾ?’

‘ಡಬ್ಬಾದಲ್ಲೇ.’

‘ಹಾಗಾದ್ರೆ ಚಿಕುನ್‌ಗುನ್ಯಾನೇ ಇರ್ಬೇಕು ಕಣ್ರೀ’ ಎಂದು ನಕ್ಕರು. ಆಟ ಶುರು ಮಾಡುವ ಬಟನ್ ಒತ್ತಿದರು. ಆ ಆಟವನ್ನೂ ನಾನೇ ಗೆದ್ದೆ. ನರಸೀಪುರದ ಬಸ್ಸು ಹಾರ್ನ್ ಹಾಕಿತು. ‘ಇನ್ನೊಂದು ಪುಕ್ಕಟೆ ಇದೆ ನಿಮಗೆ’ ಎಂದರು. ಅಷ್ಟರಲ್ಲಿ ಗುರುಮಲ್ಲಪ್ಪನವರು ಒಳಗೆ ಬಂದು, ನೆಂಟ್ರು ಬಂದವ್ರೆ ಬಾರವ್ವ ಎಂದು ಕರೆದರು. ಅವರು ಎದ್ದರು. ಆ ಆಟ ಹಾಗೆಯೇ ಉಳಿದಿದೆ.

ಇದೆಲ್ಲ ಆಗಿ ಎರಡು ವರ್ಷದ ಮೇಲಾಯಿತು. ಆಟದ ಮಳಿಗೆ ಈಗ ಮೊಬೈಲ್ ರೀಚಾರ್ಜ್ ಅಂಗಡಿ. ಡಬ್ಬಾ ಟಿ.ವಿ.ಯನ್ನು ನಾನೇ ಕೇಳಿ ತಂದೆ. ಸ್ಟುಡಿಯೋದ ಮೂಲೆಯಲ್ಲಿದೆ. ವಾಸನೆ ಹೋಗಿದೆ. ನಂಜನಗೂಡಿಗೆ ಈಗಲೂ ಹೋಗುತ್ತೇನೆ, ಮದುವೆಗಳು ನಿಂತಿಲ್ಲವಲ್ಲ. ಸಂಜೆ ಕೆಲಸ ಬೇಗ ಮುಗಿದರೆ ನರಸೀಪುರದ ಸಂಗಮದ ಕಡೆ ಹೋಗಿ ಕಪಿಲೆಯ ದಡದಲ್ಲಿ ನಿಲ್ಲುತ್ತೇನೆ. ನಂಜನಗೂಡನ್ನು ಯಾವಾಗಲೋ ದಾಟಿ ಬಂದ ನೀರು ಅದು.

ಆ ಮೂರು ಫ್ರೇಮಿನ ಬಗ್ಗೆ ನಾನು ಯೋಚಿಸಬಹುದಾದ್ದನ್ನೆಲ್ಲ ಯೋಚಿಸಿದ್ದೇನೆ. ನನ್ನ ಆಟವನ್ನು ಹಿಡಿದದ್ದು ಕೊನೆಯಲ್ಲಿ, ಅವರ ಬೆರಳು ನೋಯುತ್ತಿದ್ದಿರಬಹುದು. ನಾನು ಗುದ್ದು ಎತ್ತುವ ರೀತಿಯೇ ಗೊಂದಲ ಹುಟ್ಟಿಸುವಂಥದ್ದಿರಬಹುದು. ದೂರದ ಊರಿನಿಂದ ಬಂದ ಗಿರಾಕಿ ಎಂಬ ಮರ್ಯಾದೆ ಇರಬಹುದು. ಅವತ್ತು ನನ್ನ ಎಣಿಕೆಯೇ ತಪ್ಪಿರಬಹುದು, ಆದರೆ ಮತ್ತೆ ಎಣಿಸಿದಾಗಲೂ ಅಷ್ಟೇ ಬಂತು. ಅಥವಾ ಇನ್ನೊಂದು ಆಟ ಇರಲಿ ಎಂದು ಅವರೇ ಕೈ ತಡೆದಿರಬಹುದು. ಟಿ.ವಿ.ಯ ತಡ ಎಷ್ಟು, ಪೆಟ್ಟಿಗೆಯ ತಡ ಎಷ್ಟು ಎಂದು ಹೇಳಬಲ್ಲೆ. ಇದು ಯಾವುದರದು ಎಂದು ನನಗೆ ಗೊತ್ತಿಲ್ಲ.